ಬಿದಿರುಮೆಳೆಯ ಏಳು ಜನ ಮತ್ತು ಕಲಬುರಗಿಯ ಭಾನುವಾರಗಳು: ಒಂದು ಉಪನ್ಯಾಸಮಾಲೆಯ ವಿಮರ್ಶೆ

ಕಲಬುರಗಿಯ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆಗೆ ಹೋಗುವಾಗ ಸಿಗುವ ಒಂದು ಓಣಿಯಲ್ಲಿ, ಹಳೆಯ ಮನೆಯೊಂದರ ಮೊದಲ ಮಹಡಿಯಲ್ಲಿ, ಚಳಿಗಾಲದ ಭಾನುವಾರಗಳಂದು ಬೆಳಿಗ್ಗೆ ಒಂದು ಉಪನ್ಯಾಸಮಾಲೆ ನಡೆಯುತ್ತದೆ. ಬಾಗಿಲಿಗೆ ಫಲಕವಿಲ್ಲ, ಜಾಹೀರಾತಂತೂ ಇಲ್ಲವೇ ಇಲ್ಲ. ನಡೆಸುವವರು ತಮ್ಮ ಹೆಸರು ಎಲ್ಲಿಯೂ ಬರಬಾರದೆಂದು ಕೇಳಿಕೊಂಡಿರುವುದರಿಂದ ನಾನೂ ಬರೆಯುತ್ತಿಲ್ಲ. ಈ ಸಲ ಅವರು ಆರಿಸಿಕೊಂಡ ವಿಷಯ ಪ್ರಾಚೀನ ಚೀನಾದ ಏಕಾಂತವಾಸಿ ವಿದ್ವಾಂಸರು ಮತ್ತು ಅವರ ಸುತ್ತ ಬೆಳೆದ ಸ್ವಚ್ಛಂದ ಸಾಹಿತ್ಯ ಪರಂಪರೆ. ಎರಡೆರಡು ಗಂಟೆಯ ಆರು ಉಪನ್ಯಾಸ, ಕನ್ನಡಕ್ಕೆ ತಂದ ಆಯ್ದ ಭಾಗಗಳ ಒಂದು ಕಿರುಹೊತ್ತಿಗೆ, ನಡುವೆ ಚಹಾ, ಎಲ್ಲ ಸೇರಿ 900 ರೂಪಾಯಿ. ನಮ್ಮ ಭಾಗದಲ್ಲಿ ಚೀನಾದ ಸಾಹಿತ್ಯದ ಬಗ್ಗೆ ಇಷ್ಟು ವಿವರವಾಗಿ ಕನ್ನಡದಲ್ಲಿ ಮಾತನಾಡುವ ಬೇರೊಂದು ಜಾಗ ನನಗೆ ಗೊತ್ತಿಲ್ಲವಾದ್ದರಿಂದ, ಹಣ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು ಒಳ್ಳೆಯದನ್ನೂ ಕೊರತೆಯನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಉಪನ್ಯಾಸ ಕೊಡುವವರು ನಿವೃತ್ತ ಇತಿಹಾಸ ಅಧ್ಯಾಪಕರು. ಮೊದಲ ದಿನವೇ ಅವರು ಸರಿಯಾದ ಎಳೆಯನ್ನು ಹಿಡಿದರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಜುವಾಂಗ್‌ಜಿ ಪೂ ನದಿಯಲ್ಲಿ ಮೀನಿಗೆ ಗಾಳ ಹಾಕಿ ಕೂತಿದ್ದಾಗ ಚೂ ರಾಜ್ಯದ ದೊರೆ ಇಬ್ಬರು ಅಧಿಕಾರಿಗಳನ್ನು ಕಳಿಸಿ ಆಡಳಿತ ವಹಿಸಿಕೊಳ್ಳಬೇಕೆಂದು ಕೇಳಿಸಿದ. ಆತ ತಿರುಗಿಯೂ ನೋಡದೆ, ಸತ್ತು ಮೂರು ಸಾವಿರ ವರ್ಷವಾದ ಒಂದು ಪವಿತ್ರ ಆಮೆಯನ್ನು ನಿಮ್ಮ ದೊರೆ ಬಟ್ಟೆಯಲ್ಲಿ ಸುತ್ತಿ ಗುಡಿಯಲ್ಲಿಟ್ಟಿದ್ದಾನಂತೆ, ಆ ಆಮೆಗೆ ಹಾಗೆ ಪೂಜೆಗೊಳ್ಳುವುದು ಇಷ್ಟವಿತ್ತೋ, ಬದುಕಿದ್ದು ಕೆಸರಿನಲ್ಲಿ ಬಾಲ ಎಳೆಯುತ್ತಿರುವುದು ಇಷ್ಟವಿತ್ತೋ ಎಂದು ಕೇಳಿದ. ಈ ಕಥೆಯನ್ನು ಸಾಮಾನ್ಯವಾಗಿ ಮನಶ್ಶಾಂತಿಯ ನೀತಿಕಥೆಯಂತೆ ಹೇಳಿ ಮುಗಿಸುತ್ತಾರೆ. ನಮ್ಮ ಅಧ್ಯಾಪಕರು ಹಾಗೆ ಮಾಡಲಿಲ್ಲ. ಅರಮನೆಯ ಪದವಿ ಎಂದರೆ ಗೌರವದ ಜೊತೆಗೆ ಕೊಲೆಯ ಸಾಧ್ಯತೆಯೂ ಹೌದು ಎಂಬುದನ್ನು ಕೇಳುಗರ ತಲೆಯಲ್ಲಿ ನೆಟ್ಟು, ಅದರ ಮೇಲೆಯೇ ಮುಂದಿನ ಭಾನುವಾರವನ್ನು ಕಟ್ಟಿದರು.

ಆ ಎರಡನೆಯ ಉಪನ್ಯಾಸ ಇಡೀ ಮಾಲೆಯಲ್ಲಿ ಅತ್ಯುತ್ತಮ. ಅದರ ನಾಯಕ ಜಿ ಕಾಂಗ್ (223–262), ಬಿದಿರುಮೆಳೆಯ ಏಳು ಜ್ಞಾನಿಗಳೆಂದು ಪ್ರಸಿದ್ಧರಾದವರಲ್ಲಿ ಎಲ್ಲರಿಗಿಂತ ಹಟಮಾರಿ. ವೈ ರಾಜವಂಶದ ಹೆಸರಿನಲ್ಲಿ ಅಧಿಕಾರವನ್ನೆಲ್ಲ ಸಿಮಾ ಮನೆತನ 249ರ ಕ್ಷಿಪ್ರಕ್ರಾಂತಿಯಲ್ಲಿ ಕಸಿದುಕೊಂಡಿತ್ತು. ಜಿ ಕಾಂಗ್ ಮದುವೆಯಾಗಿದ್ದುದು ಅದೇ ವೈ ರಾಜಮನೆತನದ ಹೆಣ್ಣನ್ನು. ಅಂದರೆ ಅವನು ಸುಮ್ಮನೆ ಮನೆಯಲ್ಲಿ ಕೂತರೂ ಅದು ರಾಜಕೀಯವಾಗುತ್ತಿತ್ತು. ಗೆಳೆಯ ಶಾನ್ ತಾವೊ ಸರ್ಕಾರಿ ಹುದ್ದೆಗೆ ಅವನ ಹೆಸರು ಸೂಚಿಸಿದಾಗ ಅವನು ಬರೆದ ಸ್ನೇಹಭಂಗದ ಪತ್ರವನ್ನು ಕಿರುಹೊತ್ತಿಗೆಯಲ್ಲಿ ಬಹುಮಟ್ಟಿಗೆ ಪೂರ್ತಿ ಕೊಟ್ಟಿದ್ದಾರೆ. ತಾನು ತಡವಾಗಿ ಏಳುವವನು, ಕಚೇರಿಯ ಕಾವಲುಗಾರ ಬಿಡುವುದಿಲ್ಲ. ಮಟ್ಟಸವಾಗಿ ಕೂತರೆ ಕಾಲು ಜೋಮು ಹಿಡಿಯುತ್ತದೆ. ಮೈತುಂಬ ಹೇನು, ಕೆರೆದುಕೊಳ್ಳದೆ ಇರಲಾಗದು, ಅಂಥವನು ಅಧಿಕೃತ ಉಡುಪು ತೊಟ್ಟು ಮೇಲಧಿಕಾರಿಗಳಿಗೆ ನಮಿಸುವುದು ಹೇಗೆ ಎಂದು ಸಾಗುವ ಪಟ್ಟಿಯನ್ನು ಓದುವಾಗ ಕೋಣೆಯೆಲ್ಲ ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಸರ್ಕಾರಿ ನೌಕರರು ಎಲ್ಲರಿಗಿಂತ ಜೋರಾಗಿ ನಕ್ಕರು.

ಅಧ್ಯಾಪಕರು ನಗು ನಿಲ್ಲುವವರೆಗೂ ಕಾದು, ತಾಳಲಾಗದ ಆ ಏಳು ಸಂಗತಿಗಳ ನಂತರ ಬರುವ ಎರಡು ಸಂಗತಿಗಳನ್ನು ಓದಿದರು. ಅವುಗಳಲ್ಲಿ ಮೊದಲನೆಯದರಲ್ಲಿ ಜಿ ಕಾಂಗ್ ತಾನು ತಾಂಗ್ ಮತ್ತು ವೂ ಎಂಬ ಪುರಾತನ ದೊರೆಗಳನ್ನು ಆಗಾಗ ಟೀಕಿಸುತ್ತೇನೆ ಎನ್ನುತ್ತಾನೆ. ಆ ಇಬ್ಬರೂ ಹಿಂದಿನ ವಂಶವನ್ನು ಉರುಳಿಸಿ ಹೊಸ ವಂಶ ಸ್ಥಾಪಿಸಿದವರು. ಸಿಮಾ ಮನೆತನ ತಾನು ಮಾಡಹೊರಟ ಕೆಲಸಕ್ಕೆ ಮಾದರಿಯಾಗಿ ತೋರಿಸಬಹುದಾದ ಹೆಸರುಗಳು. ಹೇನಿನ ಹಾಸ್ಯದ ಬೆನ್ನಿಗೇ ಆ ಸಾಲನ್ನು ಇಟ್ಟವನು ಸೋಮಾರಿಯಾಗಿರಲು ಸಾಧ್ಯವಿಲ್ಲ ಎಂಬುದನ್ನು ಅವರು ವಾದಿಸಲೇ ಇಲ್ಲ, ಪಠ್ಯವನ್ನು ಆ ಕ್ರಮದಲ್ಲಿ ಓದಿಯೇ ತೋರಿಸಿದರು. ಒಳ್ಳೆಯ ಅಧ್ಯಾಪನಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ನನಗೆ ಬೇಕಿಲ್ಲ.

ಮುಂದಿನ ಕಥೆ ಬಹಳ ಜನ ಕೇಳಿರಬಹುದಾದದ್ದು. ಜಿ ಕಾಂಗ್ ಮರದ ಕೆಳಗೆ ಕಬ್ಬಿಣ ಬಡಿಯುತ್ತಿದ್ದ, ಗೆಳೆಯ ಶಿಯಾಂಗ್ ಶಿಯು ತಿದಿ ಒತ್ತುತ್ತಿದ್ದ. ಆಸ್ಥಾನದ ಪ್ರಭಾವಿ ಜೋಂಗ್ ಹುಯಿ ಪರಿವಾರದೊಂದಿಗೆ ನೋಡಲು ಬಂದರೂ ಸುತ್ತಿಗೆ ನಿಲ್ಲಲಿಲ್ಲ. ಹೊರಟವನನ್ನು ಜಿ ಕಾಂಗ್ ಕೇಳಿದ: ಏನು ಕೇಳಿ ಬಂದೆ, ಏನು ನೋಡಿ ಹೊರಟೆ? ಕೇಳಿದ್ದನ್ನು ಕೇಳಿ ಬಂದೆ, ನೋಡಿದ್ದನ್ನು ನೋಡಿ ಹೊರಟೆ ಎಂದು ಜೋಂಗ್ ಹುಯಿ ಉತ್ತರಿಸಿದ. ಮುಂದೆ ಗೆಳೆಯ ಲ್ಯು ಆನ್ ಎಂಬವನ ಮೇಲೆ ಸುಳ್ಳು ಆಪಾದನೆ ಬಂದಾಗ ಅವನ ಪರ ನಿಂತ ಜಿ ಕಾಂಗ್‌ನನ್ನೂ ಬಂಧಿಸಲಾಯಿತು, ಜೋಂಗ್ ಹುಯಿಯ ಒತ್ತಾಯದಿಂದ ಮರಣದಂಡನೆಯಾಯಿತು. ರಾಜಧಾನಿಯ ವಿದ್ಯಾಲಯದ ಮೂರು ಸಾವಿರ ವಿದ್ಯಾರ್ಥಿಗಳು ಬಿಡುಗಡೆ ಕೇಳಿ ಮನವಿ ಕೊಟ್ಟರೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಇದರ ನಂತರದ ಭಾಗ. ಸಾಯುವ ಮುನ್ನ ಅವನು ಮಗ ಜಿ ಶಾವೊನನ್ನು ಒಪ್ಪಿಸಿದ್ದು ಯಾರಿಗೆ? ಸ್ನೇಹಭಂಗದ ಪತ್ರ ಯಾರಿಗೆ ಬರೆದಿದ್ದನೋ ಅದೇ ಶಾನ್ ತಾವೊನಿಗೆ. ಶಾನ್ ತಾವೊ ಆ ಹುಡುಗನನ್ನು, ವೈ ವಂಶವನ್ನು ಉರುಳಿಸಿ ಸಿಮಾ ಮನೆತನ ಸ್ಥಾಪಿಸಿದ ಜಿನ್ ವಂಶದ ಸೇವೆಗೆ ಸೇರಿಸಿದ. ತನ್ನ ತಂದೆಯನ್ನು ಕೊಂದ ಮನೆತನದ ಸಾಮ್ರಾಟನಿಗೆ ಮೈ ಅಡ್ಡಕೊಟ್ಟು 304ರಲ್ಲಿ ಜಿ ಶಾವೊ ಸತ್ತ. ಅವನ ರಕ್ತ ಅಂಟಿದ ನಿಲುವಂಗಿಯನ್ನು ತೊಳೆಯಬೇಡಿ ಎಂದು ಸಾಮ್ರಾಟ ಹೇಳಿದನಂತೆ. ಅಧ್ಯಾಪಕರು ಇದನ್ನು ಐದೇ ನಿಮಿಷದಲ್ಲಿ ಹೇಳಿ ಮುಗಿಸಿದ್ದು ನನಗೆ ಅನ್ಯಾಯವೆನಿಸಿತು. ಇದೊಂದಕ್ಕೇ ಒಂದು ಭಾನುವಾರ ಮೀಸಲಿಡಬಹುದಿತ್ತು.

ಕೊಲೆಗಂಬದ ಬಳಿ ಜಿ ಕಾಂಗ್ ಏಳು ತಂತಿಯ ಚಿನ್ ವಾದ್ಯದಲ್ಲಿ 'ಗ್ವಾಂಗ್‌ಲಿಂಗ್ ಸಾನ್' ನುಡಿಸಿ, ಈ ಕೃತಿ ಇಂದಿಗೆ ಮುಗಿಯಿತು ಎಂದನೆಂಬ ಪ್ರಸಂಗಕ್ಕೆ ಅದೇ ಹೆಸರಿನ ಧ್ವನಿಮುದ್ರಿಕೆಯನ್ನು ಸಣ್ಣ ಸ್ಪೀಕರಿನಲ್ಲಿ ಕೇಳಿಸಿದರು. ಕೇಳಿಸಿದ್ದು ಸರಿ, ಆದರೆ ಅವನು ನುಡಿಸಿದ್ದು ಇದನ್ನೇ ಎಂಬ ಭಾವನೆ ಕೇಳುಗರಲ್ಲಿ ಉಳಿಯುವಂತೆ ಮಾಡಿದ್ದು ಸರಿಯಲ್ಲ. ಇಂದು ಕೇಳಸಿಗುವ ರೂಪಕ್ಕೆ ಆಧಾರ 1425ರಲ್ಲಿ ಮಿಂಗ್ ರಾಜಕುಮಾರನೊಬ್ಬ ಸಿದ್ಧಪಡಿಸಿದ ಸ್ವರಲಿಪಿ ಸಂಗ್ರಹ; ಜಿ ಕಾಂಗ್ ಸತ್ತು ಹನ್ನೊಂದು ಶತಮಾನಗಳೇ ಕಳೆದಿದ್ದವು, ನಮ್ಮೂರಿನಲ್ಲಿ ಬಂದೇನವಾಜರು ತೀರಿಕೊಂಡು ಮೂರು ವರ್ಷವಾಗಿತ್ತು. ಆ ಲಿಪಿಯಿಂದ ಅದನ್ನು ಮತ್ತೆ ನುಡಿಸುವಂತೆ ಮಾಡಿದ್ದು 1950ರ ದಶಕದಲ್ಲಿ, ವಾದಕ ಗ್ವಾನ್ ಪಿಂಗ್‌ಹು. ಇಷ್ಟನ್ನು ಎರಡು ವಾಕ್ಯದಲ್ಲಿ ಹೇಳಿದ್ದರೆ ಸಂಗೀತದ ರುಚಿ ಕೆಡುತ್ತಿರಲಿಲ್ಲ.

ಉಳಿದ ಆರು ಜನರಿಗೆ ಮೀಸಲಾದ ಮೂರನೆಯ ಉಪನ್ಯಾಸ ಮನರಂಜಕವಾಗಿತ್ತು. ಆಗ ಅಧಿಕಾರ ನಡೆಸುತ್ತಿದ್ದ ಸಿಮಾ ಜಾವೊ ಬೀಗತನ ಬೆಳೆಸಲು ಬಂದಾಗ ಅರವತ್ತು ದಿನ ಕುಡಿದೇ ಬಿದ್ದಿದ್ದು ಮಾತುಕತೆಗೆ ಅವಕಾಶವನ್ನೇ ಕೊಡದ ರುವಾನ್ ಜಿ, ಭೂಮ್ಯಾಕಾಶಗಳೇ ನನ್ನ ಮನೆ, ಈ ಕೋಣೆ ನನ್ನ ಚಲ್ಲಣ, ನೀವು ನನ್ನ ಚಲ್ಲಣದೊಳಗೆ ಏಕೆ ಬಂದಿರಿ ಎಂದು ಬತ್ತಲೆ ನಿಂತು ಕೇಳಿದ ಲಿಯು ಲಿಂಗ್, ದೊಡ್ಡ ಹುದ್ದೆಗೇರಿಯೂ ತನ್ನ ತೋಟದ ಹಣ್ಣನ್ನು ಮಾರುವ ಮುನ್ನ ಬೇರೆಯವರು ಬಿತ್ತದಂತೆ ಓಟೆಗೆ ತೂತು ಕೊರೆಯುತ್ತಿದ್ದ ಜಿಪುಣ ವಾಂಗ್ ರೋಂಗ್, ಎಲ್ಲರೂ ಬಂದುಹೋದರು. ಇಂಥ ಬಹಳಷ್ಟು ಪ್ರಸಂಗಗಳು ಐದನೆಯ ಶತಮಾನದಲ್ಲಿ ಲಿಯು ಯಿಚಿಂಗ್ ಸಂಕಲಿಸಿದ ಉಪಾಖ್ಯಾನಗಳ ಸಂಗ್ರಹದಿಂದ ಬಂದವು ಎಂಬುದನ್ನೂ, ಈ ಏಳು ಜನ ಒಂದು ಕೂಟವಾಗಿ ಬಿದಿರುಮೆಳೆಯಲ್ಲಿ ಸೇರುತ್ತಿದ್ದರು ಎಂಬುದು ಮುಂದಿನ ಪೀಳಿಗೆಯ ಕಲ್ಪನೆ ಇರಬಹುದೆಂದು ಕೆಲವು ವಿದ್ವಾಂಸರು ಸಂಶಯಿಸಿರುವುದನ್ನೂ ಅವರು ಮುಚ್ಚಿಡಲಿಲ್ಲ. ಜಿ ಕಾಂಗ್ ಸತ್ತ ಮೇಲೆ ಶಿಯಾಂಗ್ ಶಿಯು ರಾಜಧಾನಿಗೆ ಹೋಗಿ, ಏಕಾಂತ ಬಯಸಿದವನು ಇಲ್ಲೇಕೆ ಬಂದೆ ಎಂದು ಸಿಮಾ ಜಾವೊ ಚುಚ್ಚಿದಾಗ, ಪುರಾತನ ಏಕಾಂತವಾಸಿಗಳು ಅಷ್ಟೇನೂ ಮೆಚ್ಚತಕ್ಕವರಲ್ಲ ಎಂದು ತಲೆಬಾಗಿದ ಪ್ರಸಂಗವನ್ನು ಕುಡಿತದ ಕಥೆಗಳ ಪಕ್ಕದಲ್ಲೇ ಇಟ್ಟದ್ದು ಜಾಣತನ. ತಿದಿ ಒತ್ತಿದ ಕೈ ಅದೇ ಅಲ್ಲವೇ.

ಕಿರುಹೊತ್ತಿಗೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದರ ನಡುಪುಟಗಳಲ್ಲಿ ನಾನ್‌ಜಿಂಗ್ ಬಳಿಯ ಶಿಶಾನ್‌ಚಿಯಾವೊ ಗೋರಿಯಲ್ಲಿ 1960ರಲ್ಲಿ ಸಿಕ್ಕ ಇಟ್ಟಿಗೆ ಚಿತ್ರದ ಅಚ್ಚು ಇದೆ. ಎರಡು ಗೋಡೆಗಳಲ್ಲಿ ನಾಲ್ಕು ನಾಲ್ಕು ಜನ, ಪ್ರತಿಯೊಬ್ಬರ ನಡುವೆ ಒಂದೊಂದು ಮರ. ಜಿ ಕಾಂಗ್ ಬರಿಗಾಲಿನಲ್ಲಿ ಕೂತು ಚಿನ್ ನುಡಿಸುತ್ತಿದ್ದಾನೆ. ರುವಾನ್ ಶಿಯಾನ್‌ನ ಕೈಯಲ್ಲಿ ಮುಂದೆ ಅವನ ಹೆಸರನ್ನೇ ಪಡೆದ ದುಂಡು ಬುರುಡೆಯ ತಂತಿವಾದ್ಯ. ಲಿಯು ಲಿಂಗ್‌ನ ಕಣ್ಣು ಕೈಯಲ್ಲಿರುವ ಬಟ್ಟಲಿನಿಂದ ಕದಲುವುದಿಲ್ಲ. ಏಳು ಜನರನ್ನು ಎರಡು ಗೋಡೆಗೆ ಸಮ ಮಾಡಲು ಅವರಿಗಿಂತ ಬಹಳ ಹಿಂದಿನ ರೋಂಗ್ ಚಿಚಿ ಎಂಬ ಮುದುಕನನ್ನು ಎಂಟನೆಯವನಾಗಿ ಸೇರಿಸಿದ್ದಾರೆ. ಮುದ್ರಣ ಎಷ್ಟು ಸ್ಪಷ್ಟವಾಗಿದೆಯೆಂದರೆ ಇಟ್ಟಿಗೆಗಳ ಸಂದುಗಳು ಮುಖಗಳ ಮೇಲೆ ಹಾದುಹೋಗುವುದೂ ಕಾಣುತ್ತದೆ. ಇಷ್ಟು ಕಾಳಜಿ ವಹಿಸಿದವರು ಒಂದು ನಕ್ಷೆಯನ್ನೂ ರಾಜವಂಶಗಳ ಕಾಲಾನುಕ್ರಮವನ್ನೂ ಏಕೆ ಬಿಟ್ಟರೋ ತಿಳಿಯದು. ವೈ ಯಾವುದು, ಜಿನ್ ಯಾವುದು ಎಂದು ಪಕ್ಕದವರು ಕೊನೆಯ ಭಾನುವಾರವೂ ನನ್ನನ್ನು ಕೇಳುತ್ತಿದ್ದರು.

ನಾಲ್ಕನೆಯ ಉಪನ್ಯಾಸದಲ್ಲಿ 353ರ ವಸಂತದಲ್ಲಿ ವಾಂಗ್ ಶೀಜಿ ಲಾನ್‌ತಿಂಗ್‌ನಲ್ಲಿ ಸೇರಿಸಿದ ಕವಿಗೋಷ್ಠಿಯ ವಿವರವಿತ್ತು. ಅಂಕುಡೊಂಕಾದ ತೊರೆಯಲ್ಲಿ ಬಟ್ಟಲು ತೇಲಿ ಬರುವುದು, ಪದ್ಯ ಕಟ್ಟಲಾಗದವರಿಗೆ ಮೂರು ಬಟ್ಟಲು ಮದ್ಯದ ದಂಡ. ಚೆನ್ನಾಗಿತ್ತು, ಅದರಾಚೆ ಹೇಳುವಂಥದ್ದೇನೂ ಇಲ್ಲ.

ನನ್ನ ದೊಡ್ಡ ತಕರಾರು ಐದನೆಯದರ ಮೇಲೆ. ತಾವೊ ಯುವಾನ್‌ಮಿಂಗ್ (365–427) 405ರಲ್ಲಿ ಪೆಂಗ್‌ಜೆ ಎಂಬ ಊರಿನ ಅಧಿಕಾರಿಯಾಗಿ ಎಂಬತ್ತು ಚಿಲ್ಲರೆ ದಿನ ಇದ್ದು, ತಪಾಸಣೆಗೆ ಬಂದ ಮೇಲಿನವನೆದುರು ಉಡುಪು ಬಿಗಿದು ನಿಲ್ಲಬೇಕೆಂದಾಗ, ಐದು ಅಳತೆ ಅಕ್ಕಿಗಾಗಿ ಸೊಂಟ ಬಗ್ಗಿಸಲಾರೆ ಎಂದು ರಾಜೀನಾಮೆ ಕೊಟ್ಟು ಊರಿಗೆ ಮರಳಿದ ಕವಿ. ಅಧ್ಯಾಪಕರು ಅಲ್ಲಿಯವರೆಗೆ ಪಾಲಿಸಿದ ಎಚ್ಚರವನ್ನೆಲ್ಲ ಇಲ್ಲಿ ಕೈಬಿಟ್ಟು, ಪೂರ್ವದ ಬೇಲಿಯ ಸೇವಂತಿಗೆ, ದೂರದ ದಕ್ಷಿಣ ಬೆಟ್ಟ, ತಂತಿಯಿಲ್ಲದ ವಾದ್ಯ ಎಂದು ಎರಡು ಗಂಟೆ ತೇಲಿದರು. ಬೆಟ್ಟದ ಬುಡದಲ್ಲಿ ದ್ವಿದಳ ಬಿತ್ತಿದೆ, ಕಳೆ ದಟ್ಟ, ಸಸಿ ವಿರಳ ಎಂಬರ್ಥದ ಪದ್ಯ ಬಂದಾಗ ಚಿಂಚೋಳಿ ಕಡೆಯಿಂದ ಬರುತ್ತಿದ್ದ ತೊಗರಿ ಬೆಳೆಗಾರರೊಬ್ಬರು ಕೈಯೆತ್ತಿ, "ಹಂಗಾದ್ರ ಆ ವರ್ಷ ಮನಿ ಮಂದಿ ಏನ್ ಉಂಡ್ರು ಸರ್?" ಎಂದರು. ಇಡೀ ಮಾಲೆಯಲ್ಲಿ ಕೇಳಿಬಂದ ಅತ್ಯಂತ ಮುಖ್ಯ ಪ್ರಶ್ನೆ ಅದು, ಮತ್ತು ಅದಕ್ಕೆ ಕವಿಯೇ ಉತ್ತರ ಬರೆದಿಟ್ಟಿದ್ದಾನೆ: 408ರಲ್ಲಿ ಮನೆ ಸುಟ್ಟುಹೋದದ್ದರ ಮೇಲೆ ಒಂದು ಪದ್ಯವಿದೆ, ಹಸಿವು ತಾಳದೆ ಪರರ ಬಾಗಿಲಿಗೆ ಹೋಗಿ ಮಾತು ಹೊರಡದೆ ತೊದಲಿದ್ದರ ಮೇಲೆ ಇನ್ನೊಂದಿದೆ. ಇವೆರಡೂ ಕಿರುಹೊತ್ತಿಗೆಯಲ್ಲಿಲ್ಲ. ಅಧ್ಯಾಪಕರು ನಕ್ಕು ಮುಂದಿನ ಪದ್ಯಕ್ಕೆ ಹೋದರು.

ಅದೇ ದಿನ ಅವರು ಈ ಕವಿಗಳನ್ನು ಕಲ್ಯಾಣದ ಶರಣರಿಗೆ ಹೋಲಿಸಿದರು. ಕಬ್ಬಿಣ ಬಡಿದ ಜಿ ಕಾಂಗ್, ನೆಲ ಅಗೆದ ತಾವೊ, ಕಾಯಕ ಮಾಡಿದ ಶರಣರು ಒಂದೇ ಎಂದು. ಬೀದರ್ ಜಿಲ್ಲೆಯಿಂದ ಬಂದವರಿಗೆ ಇದು ಹಿತವಾಗಿ ಕೇಳಿಸುತ್ತದೆ, ಚಪ್ಪಾಳೆಯೂ ಬಿತ್ತು. ಆದರೆ ಬಸವಣ್ಣ ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿಯೇ ತನ್ನ ಕೆಲಸ ಮಾಡಿದವನು; ಅಂಬಿಗ, ಮಡಿವಾಳ, ಹೆಂಗಸರೆಲ್ಲ ಸೇರಿದ ಆ ಜನ ರಾಜಧಾನಿಯನ್ನು ಬಿಟ್ಟು ಹೋದವರಲ್ಲ, ರಾಜಧಾನಿಗೆ ನಡೆದು ಬಂದವರು. ಬಿದಿರುಮೆಳೆಯವರಾದರೋ ಅಧಿಕಾರ ತಾನಾಗಿ ಕರೆಯುತ್ತಿದ್ದ ಅಕ್ಷರಸ್ಥ ಗಂಡಸರು. ಹೋಲಿಕೆ ಬೇಕೇ ಇದ್ದರೆ ಬೀದರಿನಲ್ಲೇ ಇನ್ನೊಬ್ಬ ಸಿಗುತ್ತಾನೆ, ತಿರುಗುಮುರುಗಾಗಿ: 1472ರಲ್ಲಿ ಮದರಸಾ ಕಟ್ಟಿಸಿದ, ಪತ್ರಲೇಖನದಲ್ಲಿ ಹೆಸರುವಾಸಿಯಾದ ಮಹಮೂದ್ ಗವಾನ್. ಅವನು ಪದವಿಯನ್ನು ನಿರಾಕರಿಸದೆ ಬಹಮನಿ ಸುಲ್ತಾನರಿಗೆ ಕೊನೆಯವರೆಗೂ ದುಡಿದ, 1481ರಲ್ಲಿ ಅವನ ಮುದ್ರೆಯ ಕೆಳಗೆ ಯಾರೋ ಸೃಷ್ಟಿಸಿದ ಪತ್ರವನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಒಲ್ಲೆನೆಂದು ಪತ್ರ ಬರೆದವನಿಗೂ ಸಾವು, ಬರೆಯದ ಪತ್ರಕ್ಕೂ ಸಾವು. ಇದನ್ನು ಚರ್ಚೆಗೆ ಇಟ್ಟಿದ್ದರೆ ಆ ಭಾನುವಾರ ಉಳಿಯುತ್ತಿತ್ತು.

ಕೊನೆಯ ಉಪನ್ಯಾಸ ಮತ್ತೆ ಹಳಿಗೆ ಬಂತು. ಮುಂದೆ ತಾಂಗ್ ರಾಜವಂಶದ ಕಾಲದಲ್ಲಿ ಏಕಾಂತವೇ ಒಂದು ಅರ್ಹತೆಯಾಗಿ, ರಾಜಧಾನಿಗೆ ಹತ್ತಿರದ ಜೋಂಗ್‌ನಾನ್ ಬೆಟ್ಟದಲ್ಲಿ ಕೂತು ಕರೆಗಾಗಿ ಕಾದು ಹುದ್ದೆ ಪಡೆದ ಲೂ ಜಾಂಗ್‌ಯೋಂಗ್‌ನಂಥವರಿಂದ 'ಜೋಂಗ್‌ನಾನ್ ಅಡ್ಡದಾರಿ' ಎಂಬ ನುಡಿಗಟ್ಟೇ ಹುಟ್ಟಿಕೊಂಡದ್ದನ್ನು ವಿವರಿಸಿ, ಅದರ ಎದುರಿಗೆ ಹಾಂಗ್‌ಜೌ ಸರೋವರದ ಬಳಿ ಮದುವೆಯಾಗದೆ ಪ್ಲಮ್ ಮರವನ್ನೇ ಹೆಂಡತಿ, ಕೊಕ್ಕರೆಗಳನ್ನೇ ಮಕ್ಕಳೆಂದುಕೊಂಡ ಸೋಂಗ್ ಕಾಲದ ಲಿನ್ ಬೂನನ್ನು ನಿಲ್ಲಿಸಿದರು. ಯಾರು ನಿಜ, ಯಾರು ನಾಟಕ ಎಂಬ ವಾದ ಚಹಾದ ಹೊತ್ತಿನಲ್ಲೂ ನಡೆಯಿತು.

ಸೌಕರ್ಯದ ಮಾತು. ಕುರ್ಚಿಗಳು ಕಡಿಮೆ, ತಡವಾಗಿ ಬಂದವರಿಗೆ ಬೆಂಚು; ಮೆಟ್ಟಿಲು ಕಡಿದಾಗಿರುವುದರಿಂದ ಮೊಣಕಾಲು ನೋವಿನವರಿಗೆ ಕಷ್ಟ. ಕರೆಂಟು ಹೋದರೆ ಪರದೆಯ ಮೇಲಿನ ಚಿತ್ರಗಳು ನಿಂತುಹೋಗುತ್ತವೆ, ಇನ್ವರ್ಟರ್ ಇರುವುದು ಫ್ಯಾನಿಗೆ ಮಾತ್ರ. ಚಹಾದ ಜೊತೆ ಒಮ್ಮೊಮ್ಮೆ ಸುಸಲಾ ಮಿರ್ಚಿ ಬರುತ್ತದೆ, ಅದರ ಬಗ್ಗೆ ದೂರಿಲ್ಲ. ಮುಂದಿನ ತಂಡ ಬರುವ ಚಳಿಗಾಲದಲ್ಲಿ. ಪೂರ್ತಿ ಶುಲ್ಕ ಕೊಡಲು ಮನಸ್ಸಿಲ್ಲದವರು ಒಂದೊಂದು ದಿನಕ್ಕೆ 200 ರೂಪಾಯಿ ಕೊಟ್ಟು ಕೂರಬಹುದು. ಹಾಗೆ ಆರಿಸಿಕೊಳ್ಳುವುದಾದರೆ ಎರಡನೆಯದನ್ನೂ ಆರನೆಯದನ್ನೂ ಆರಿಸಿಕೊಳ್ಳಿ, ಕಿರುಹೊತ್ತಿಗೆಗೆ ಬೇರೆಯಾಗಿ 150 ರೂಪಾಯಿ ಕೊಟ್ಟಾದರೂ ತೆಗೆದುಕೊಳ್ಳಿ. ಬಿಡಿಯಾಗಿ ಬಂದವರಿಗೆ ಅದನ್ನು ತಾವಾಗಿ ಕೊಡುವುದಿಲ್ಲ, ಕೇಳಬೇಕು.