ದವಡೆ ಹಲ್ಲಿಗೆ ಕಾಂಪೋಸಿಟೋ, ಜಿಐಸಿಯೋ?

ದವಡೆ ಹಲ್ಲಿನ ಹುಳುಕಿಗೆ ಯಾವ ಫಿಲ್ಲಿಂಗ್ ಹಾಕಿಸಲಿ ಅಂತ ಕೇಳಿದ್ದೀರಲ್ಲ, ಮೊದಲು ಗಟ್ಟಿತನ ನೋಡಿ. ಜಗಿಯುವ ಭಾರ ತಡೆಯೋದರಲ್ಲಿ ಜಿಐಸಿಗಿಂತ (ಗ್ಲಾಸ್ ಅಯನೋಮರ್ ಸಿಮೆಂಟ್ ಎಂಬ ಫಿಲ್ಲಿಂಗ್) ಕಾಂಪೋಸಿಟ್ ಮುಂದು. ಅದರಲ್ಲಿ ರಾಳದ ಜೊತೆ ಗಾಜು, ಸಿಲಿಕಾದ ಅತಿ ಸಣ್ಣ ಪುಡಿ ಇರುತ್ತದೆ, ಎರಡನ್ನೂ ಸಿಲೇನ್ ಎಂಬ ರಾಸಾಯನಿಕ ಬೆಸೆಯುತ್ತದೆ; 1962ರಲ್ಲಿ ಅಮೆರಿಕದ ದಂತ ಸಂಶೋಧಕ ರಫೇಲ್ ಬೋವೆನ್ ಬಿಸ್-ಜಿಎಂಎ ಎಂಬ ರಾಳಕ್ಕೆ ಪೇಟೆಂಟ್ ಪಡೆದ ಮೇಲೆ ಈ ಪುಡಿಯನ್ನು ಇನ್ನಷ್ಟು ಸಣ್ಣದಾಗಿಸಿ, ಜಾಸ್ತಿ ತುಂಬಿಸಿ ಬಲ ಹೆಚ್ಚಿಸುತ್ತ ಬಂದಿದ್ದಾರೆ. ಆದರೆ ನೀಲಿ ಬೆಳಕಿಗೆ ಗಟ್ಟಿಯಾಗುವಾಗ ರಾಳ ಸ್ವಲ್ಪ ಕುಗ್ಗುತ್ತದೆ, ಅಂಚಿನಲ್ಲಿ ಸಂದು ಬಿದ್ದರೆ ಮತ್ತೆ ಹುಳುಕು. ಅದಕ್ಕೇ ಸುಮಾರು 2 ಮಿ.ಮೀ. ಪದರ ಪದರವಾಗಿ ಹಾಕುತ್ತಾರೆ. ಬಲ್ಕ್-ಫಿಲ್ ಎಂಬ ಬಗೆಯ ಕಾಂಪೋಸಿಟ್ ಆದರೆ ಸುಮಾರು 4 ಮಿ.ಮೀ. ಒಂದೇ ಸಲ; ಗುಳಿ ಆಳವಾಗಿದ್ದು, ಜಾಸ್ತಿ ಹೊತ್ತು ಬಾಯಿ ತೆರೆದು ಕೂರಲು ಆಗದವರಿಗೆ ಅದು ಒಳ್ಳೆಯದು.

ಈ ಎರಡೂ ಬಗೆಯ ಕಾಂಪೋಸಿಟ್‌ಗೆ ಹಲ್ಲು ಒಣಗಿರಲೇಬೇಕು, ಜೊಲ್ಲು ತಾಗಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸುಮ್ನೆ ಕೂರದ ಪುಟ್ಟ ಮಕ್ಕಳಿಗೆ, ಒಸಡಿನ ಹತ್ತಿರದ ಗುಳಿಗೆ ಜಿಐಸಿ ವಾಸಿ: ತಾನಾಗಿಯೇ ಹಲ್ಲಿಗೆ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಸಾಮಾನ್ಯವಾಗಿ ಖರ್ಚೂ ಕಡಿಮೆ. ಜಗಿಯುವ ಜಾಗದಲ್ಲಿ ಮಾತ್ರ ಬೇಗ ಸವೆಯುತ್ತದೆ.

ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಆಗ ಕಾಂಪೋಸಿಟ್ ಕೂಡ ಒಡೆಯಬಹುದು.