ವೆಂಗೆನ್‌ನಲ್ಲಿ ಮನೆ ಹಿಡಿಯುವ ಮುನ್ನ ‘ಏರು ಎಷ್ಟು?’ ಅಂತ ಕೇಳಿ

ಹಿಮ ನೋಡಬೇಕು ಅನ್ನೋದು ಅಮ್ಮನ ಬಹಳ ವರ್ಷದ ಆಸೆ. ಮೈಸೂರಿನಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ನಮ್ಮ ಮನೆಗೆ ಬಂದಿದ್ದರು. ಕ್ರಿಸ್‌ಮಸ್ ರಜೆಯಲ್ಲಿ ಸ್ವಿಟ್ಜರ್ಲೆಂಡಿನ ವೆಂಗೆನ್‌ನಲ್ಲಿ ಒಂದು ವಾರಕ್ಕೆ ಮನೆ ಹಿಡಿದೆವು. ಹಳೇ ಮರದ ಮನೆ, ಕಿಟಕಿ ತೆರೆದರೆ ಯುಂಗ್‌ಫ್ರೌ ಶಿಖರ. ‘ರೈಲು ನಿಲ್ದಾಣದಿಂದ 10 ನಿಮಿಷ’ ಅಂತ ಜಾಹೀರಾತಿನಲ್ಲಿತ್ತು. ಅದನ್ನು ನಂಬಿ ಕೆಟ್ಟೆವು.

1,274 ಮೀಟರ್ ಎತ್ತರದ ವೆಂಗೆನ್‌ಗೆ ಕಾರು ಹೋಗುವುದಿಲ್ಲ. ಕೆಳಗೆ ಲೌಟರ್‌ಬ್ರುನ್ನೆನ್‌ನಲ್ಲಿ ನಿಲ್ಲಿಸಿ ಬೆಟ್ಟದ ರೈಲು ಹತ್ತಬೇಕು. ಇಷ್ಟು ಗೊತ್ತಿತ್ತು. ಊರೇ ಇಳಿಜಾರಿನ ಮೇಲೆ ಕೂತಿದೆ ಅನ್ನೋದು ತಲೆಗೆ ಹೊಳೆದಿರಲಿಲ್ಲ. ನಿಲ್ದಾಣದಿಂದ ಆ ಮನೆ ಸುಮಾರು 60 ಮೀಟರ್ ಮೇಲಿತ್ತು. 20 ಮಹಡಿ ಹತ್ತಿದ ಲೆಕ್ಕ.

ಇಳಿದಾಗ ಸಂಜೆ ಆರು, ಪೂರ್ತಿ ಕತ್ತಲು. ನಾಲ್ಕು ಸೂಟ್‌ಕೇಸ್, ಅಕ್ಕಿ ಬೇಳೆ ಚೀಲ, ಕುಕ್ಕರ್. ಜನ ತುಳಿದು ತುಳಿದು ದಾರಿಯ ಹಿಮ ಗಾಜಿನಂತಾಗಿತ್ತು. ಎರಡನೇ ತಿರುವಿನಲ್ಲಿ ಅಮ್ಮ ಜಾರಿ ಬಿದ್ದರು. ‘ಏನಾಗಿಲ್ಲ ಕಣೋ, ನೀನು ಸಾಮಾನು ನೋಡ್ಕೋ’ ಅಂದರು. ಮಣಿಕಟ್ಟಿನ ಮೂಳೆ ಮುರಿದಿತ್ತು.

ಮನೆ ಮಾಲೀಕರಿಗೆ ಫೋನ್ ಮಾಡಿದೆ. ‘ಸಾಮಾನು ಒಯ್ಯುವ ಬ್ಯಾಟರಿ ಗಾಡಿಗೆ ಮೊದಲೇ ಹೇಳಿಡಬೇಕಿತ್ತು, ಎಲ್ಲರಿಗೂ ಗೊತ್ತಿರೋದೇ’ ಅಂದರು. ಅವರು ಕಳಿಸಿದ್ದ ಮೂರು ಈಮೇಲ್‌ಗಳಲ್ಲಿ ಆ ಗಾಡಿಯ ಸುದ್ದಿಯೇ ಇರಲಿಲ್ಲ. ವಯಸ್ಸಾದವರು ಬರುತ್ತಾರೆ ಅಂತ ನಾನು ಬರೆದಿದ್ದೆ. ಈಗಲೂ ಹೊಟ್ಟೆ ಉರಿಯುತ್ತದೆ.

ಶನಿವಾರದಿಂದ ಶನಿವಾರದವರೆಗಿನ ಬಾಡಿಗೆ. ಬೇಗ ಹೊರಟರೂ ದುಡ್ಡು ವಾಪಸ್ ಇಲ್ಲ. ಶುಚಿ ಮಾಡಿದ್ದಕ್ಕೆ, ಹಾಸಿಗೆ ಬಟ್ಟೆಗೆ, ಊರಿನ ಪ್ರವಾಸಿ ತೆರಿಗೆಗೆ ಬೇರೆ ಬೇರೆ ಬಿಲ್. ಡಾಕ್ಟರ್ ಖರ್ಚು ಮಾತ್ರ ಅಮ್ಮನ ವೀಸಾಕ್ಕೆ ಮಾಡಿಸಿದ್ದ ವಿಮೆಯಿಂದ ಬಂತು. ಯುರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕೇ ಬೇಕಲ್ವಾ. ಆದರೆ ಸ್ಕೀ ಆಡುವಾಗ ಬಿದ್ದರೆ ನಮ್ಮ ಪಾಲಿಸಿಯಲ್ಲಿ ಏನೂ ಸಿಗುವುದಿಲ್ಲ ಅಂತ ಆಮೇಲೆ ಓದಿ ತಿಳಿಯಿತು. ಸ್ಕೀ ಆಡೋರು ಇದನ್ನು ಮೊದಲೇ ನೋಡಿಕೊಳ್ಳಿ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಾದರೆ, ದುಡ್ಡು ಕಟ್ಟುವ ಮೊದಲು ಮನೆಯ ಸರಿಯಾದ ವಿಳಾಸ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಸ್ವಿಸ್‌ಟೋಪೋ ಅನ್ನುವ ಅಲ್ಲಿನ ಸರ್ಕಾರಿ ನಕ್ಷೆ ಫೋನಿನಲ್ಲಿ ಉಚಿತವಾಗಿ ಸಿಗುತ್ತದೆ. ನಿಲ್ದಾಣದ ಎತ್ತರ ಎಷ್ಟು, ಮನೆಯ ಎತ್ತರ ಎಷ್ಟು ಅಂತ ಅದರಲ್ಲಿ ನೋಡಿ. ಸಾಮಾನು ಯಾರು ಒಯ್ಯುತ್ತಾರೆ, ಎಷ್ಟು ಗಂಟೆಯವರೆಗೆ ಅನ್ನೋದನ್ನು ಬರಹದಲ್ಲೇ ತರಿಸಿಕೊಳ್ಳಿ. ಬೂಟಿನಡಿಗೆ ಸಿಕ್ಕಿಸುವ ಕಬ್ಬಿಣದ ಮುಳ್ಳು ಸಿಗುತ್ತವೆ, ಹೊರಡುವ ಮೊದಲೇ ಕೊಂಡುಕೊಳ್ಳಿ. ಆದಷ್ಟು ಬೆಳಕಿದ್ದಾಗಲೇ ತಲುಪಿ.

ಅಮ್ಮ ಆರು ದಿನ ಕಿಟಕಿಯಿಂದಲೇ ಹಿಮ ನೋಡಿದರು. ಮೊನ್ನೆ ಆ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ಈಗಲೂ ಅದರಲ್ಲಿ ‘ನಿಲ್ದಾಣದಿಂದ 10 ನಿಮಿಷ’ ಅಂತಲೇ ಇದೆ.