ಶಾಲೆಯಲ್ಲಿ ಎರಡು ದಿನದ ಶಿಬಿರ: ಮಕ್ಕಳ ಜೊತೆ ನಾವೂ ಕಲಿತೆವು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಳ್ಳೆಯ ನಡತೆ, ಕೂಡಿ ಕೆಲಸ ಮಾಡುವುದು ಇವುಗಳ ಬಗ್ಗೆ ಮಕ್ಕಳಿಗೂ ಸಿಬ್ಬಂದಿಗೂ ಸೇರಿಸಿ ಒಂದು ಶಿಬಿರ ಮಾಡಿಸಿದೆವು.

ಮೊದಲ ದಿನ ಬೆಳಗ್ಗೆ ಬರೀ ಭಾಷಣ. ಮಕ್ಕಳು ಆಕಳಿಸಿದರು. ಮಧ್ಯಾಹ್ನ ಜಿಗ್ಸಾ ಪದ್ಧತಿ ಶುರುವಾಯಿತು ನೋಡಿ, ತರಗತಿಯೇ ಬದಲಾಯಿತು. ಕಪ್ಪು, ಬಿಳಿ ಮಕ್ಕಳು ಒಂದೇ ತರಗತಿಗೆ ಬಂದಾಗ ಎದ್ದ ಜಗಳ ತಣಿಸಲು ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ರೂಪಿಸಿದ್ದು ಇದು. ಪಾಠವನ್ನು ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಾರೆ. ಅದೇ ತುಂಡು ಸಿಕ್ಕ ಬೇರೆ ಗುಂಪಿನವರ ಜೊತೆ ಕೂತು ಕಲಿತು, ವಾಪಸ್ ಬಂದು ತಮ್ಮವರಿಗೆ ಹೇಳಿಕೊಡಬೇಕು. ಒಬ್ಬರು ಸುಮ್ನೆ ಕೂತರೂ ಎಲ್ಲರ ಪಾಠ ಅರ್ಧಕ್ಕೇ ನಿಲ್ಲುತ್ತದೆ. ವರ್ಷವಿಡೀ ಬಾಯಿ ಬಿಡದ ಹುಡುಗಿ ಹೃದಯದ ಕವಾಟಗಳನ್ನು ವಿವರಿಸಿದಳು. ಯಾವಾಗಲೂ ಮೊದಲು ಬರುವ ಹುಡುಗ "ಇನ್ನೊಂದ್ಸಲ ಹೇಳ್ತೀಯಾ?" ಅಂತ ಕೇಳಿದ. ನನ್ನ ಕಣ್ಣು ತುಂಬಿತು.

ನಮಗೂ ಅದೇ ಕೆಲಸ. ಕಚೇರಿಯ ಗುಮಾಸ್ತರು ನನಗೆ ಪಾಠ ಹೇಳಿದರು. ಅವರ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಶಿಬಿರದವರು ಮತ್ತೆ ಬರುವ ಏರ್ಪಾಡು ಇರಲಿಲ್ಲ, ಅದೊಂದೇ ಕೊರತೆ. ಎರಡೇ ದಿನಕ್ಕೆ ಅಭ್ಯಾಸ ಕೂರುವುದಿಲ್ಲ, ಅಲ್ವಾ? ನೀವು ಕರೆಸುವುದಾದರೆ ತಿಂಗಳ ನಂತರ ಇನ್ನೊಂದು ದಿನವನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ.